ಬೆಟ್ಟದ ಮೇಲೆ ಬಿಸಿ ಸಾರು

ನಾರ್ವೆಯ ಒಂದು ಬೆಟ್ಟದ ಅರ್ಧದಲ್ಲಿ, ತೊರೆಯ ಪಕ್ಕದ ಬಂಡೆಗಳ ಮೇಲೆ ನಾವು ಮೂವರು ಕೂತಿದ್ದೆವು. ನಾನು, ನನ್ನ ಮಗಳು ಶ್ರುತಿ, ನಮ್ಮವರ ಅಕ್ಕ ಕಮಲತ್ತಿಗೆ. ಸರಿಯಾಗಿ ಹೇಳಬೇಕೆಂದರೆ ಕೂತಿದ್ದವರು ಇಬ್ಬರೇ. ಅತ್ತಿಗೆ ನಿಂತಿದ್ದರು. ಒಂದು ಕೈಯಲ್ಲಿ ಚಿತ್ರಾನ್ನದ ಡಬ್ಬಿ, ಇನ್ನೊಂದರಲ್ಲಿ ಸೌಟು.

ಬೆಟ್ಟ ಹತ್ತುವವರಿಗೆ ಸೌಟು ಯಾಕೆ ಅಂತೀರಾ? ಅದೇ ಈ ವಾರದ ಕಥೆ.

ಈ ಅಂಕಣ ಓದುವವರಿಗೆ ನಮ್ಮ ಮನೆಯ ಸಮಾಚಾರ ಗೊತ್ತೇ ಇದೆ. ಹೊಸಬರಿಗೆ ಇಷ್ಟು ಸಾಕು: ಕಲ್ಕತ್ತಾದ ಕಾಳಿಘಾಟ್ ಹತ್ತಿರ ನಮ್ಮದೊಂದು ಉಡುಪಿ ಹೋಟೆಲು, ಬೆಹಾಲಾದಲ್ಲಿ ಮನೆ, ಜೊತೆಗೆ ಮದುವೆ-ಮುಂಜಿಗಳ ಕೇಟರಿಂಗ್. ಭಾವ ತೀರಿಕೊಂಡ ಮೇಲೆ ಅತ್ತಿಗೆ ನಮ್ಮ ಜೊತೆಗೇ ಇದ್ದಾರೆ. ಕೇಟರಿಂಗ್ ಅಡುಗೆಮನೆ ಅವರ ರಾಜ್ಯ. ಅಲ್ಲಿ ನಮ್ಮವರೂ ಚಪ್ಪಲಿ ಕಳಚಿ, ದನಿ ತಗ್ಗಿಸಿ ಒಳಗೆ ಹೋಗಬೇಕು.

ಶ್ರುತಿ ನಾರ್ವೆಯಲ್ಲಿ ಮೀನುಗಳ ಬಗ್ಗೆ ಓದುತ್ತಿದ್ದಾಳೆ. ಮೀನಿನ ಮಾರ್ಕೆಟ್ ಎದುರು ಮೂಗು ಮುಚ್ಚಿಕೊಂಡು ಓಡುವ ಮನೆತನದ ಹುಡುಗಿ! (ಇದು ನಮಗೆ ಹೇಗೋ ಏನೋ, ಪಕ್ಕದ ಫ್ಲ್ಯಾಟಿನ ಬಂಗಾಳಿಗಳಿಗೆ ಮಾತ್ರ ಭಾರೀ ಹೆಮ್ಮೆ.) ಬೇಸಿಗೆಯಲ್ಲಿ ಬನ್ನಿ ಎಂದು ಅವಳು ಕರೆದಳು. ಹೋಟೆಲು ಬಿಟ್ಟು ಬರಲಾರೆ ಎಂದು ನಮ್ಮವರು ಉಳಿದರು. ನಾವಿಬ್ಬರು ಹೆಂಗಸರು ಸಾರಿನ ಪುಡಿ, ಹಪ್ಪಳ, ಮಂಕಿ ಕ್ಯಾಪು ಸಮೇತ ಹೊರಟೆವು.

ಅಲ್ಲಿ ಫ್ಯೋರ್ಡ್ ಅಂತ ಉಂಟು. ಎತ್ತರದ ಬೆಟ್ಟಗಳ ಸಂದಿಯಲ್ಲಿ ಸಮುದ್ರ ಮೈಲುಗಟ್ಟಲೆ ಒಳಗೆ ಬಂದು ಅಲುಗಾಡದೆ ಮಲಗಿರುತ್ತದೆ. ಅದರ ಪಕ್ಕದ ಬೆಟ್ಟ ಹತ್ತಿ ತುದಿಯಿಂದ ಇಡೀ ಫ್ಯೋರ್ಡನ್ನು ನೋಡಿ ಸಂಜೆಯೊಳಗೆ ಇಳಿಯುವುದು ಅಲ್ಲಿನವರ ಭಾನುವಾರ. ಇದನ್ನು ಕೇಳಿದ್ದೇ ಅತ್ತಿಗೆ ಪಟ್ಟು ಹಿಡಿದರು. "ನಾನು ತುದಿ ತನಕ ಹೋಗ್ಬೇಕು ಮಾರಾಯ್ತಿ. ಕಲ್ಕತ್ತಾಕ್ಕೆ ಮದುವೆಯಾಗಿ ಬಂದ ಮೇಲೆ ಒಂದು ಗುಡ್ಡ ಹತ್ತಿದ್ದಿಲ್ಲ."

ನಿಜವೇ. ನಮ್ಮ ಕಲ್ಕತ್ತಾದಲ್ಲಿ ಏರು ಅಂದರೆ ಫ್ಲೈಓವರು.

ಹತ್ತಿದರು ನೋಡಿ! ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಶ್ರುತಿಯ ಕೆಂಪು ಜಾಕೆಟ್ಟು, ಕಾಲಿಗೆ ನನ್ನ ವಾಕಿಂಗ್ ಶೂ. ನಾನು ಏದುಸಿರು ಬಿಡುತ್ತಿದ್ದರೆ ಅವರು ಮುಂದೆ ಹೋಗಿ ನಿಂತು, "ಎಂತ, ಹೋಟೆಲು ಓನರ್‌ರ ಹೆಂಡತಿಗೆ ಸುಸ್ತಾಯ್ತಾ?" ಎಂದು ಕೆಣಕುತ್ತಿದ್ದರು.

ಅರ್ಧ ದಾರಿಯಲ್ಲಿ ಆ ತೊರೆ. ಹತ್ತುವವರೆಲ್ಲ ಊಟಕ್ಕೆ ನಿಲ್ಲುವುದು ಅಲ್ಲೇ. ಒಬ್ಬೊಬ್ಬರೂ ಒಂದೊಂದು ಕಲ್ಲಿನ ಮೇಲೆ ಕೂತು, ತಮ್ಮ ತಮ್ಮ ಕಾಗದದ ಪೊಟ್ಟಣ ಬಿಚ್ಚಿ, ಒಳಗಿನ ಬ್ರೆಡ್ಡನ್ನು ಸದ್ದಿಲ್ಲದೆ ತಿನ್ನುತ್ತಿದ್ದರು. ಗಂಡನದು ಗಂಡನಿಗೆ, ಹೆಂಡತಿಯದು ಹೆಂಡತಿಗೆ. ಯಾರೂ ಯಾರಿಗೂ "ತಗೊಳ್ಳಿ" ಅನ್ನುವುದಿಲ್ಲ.

ನಾವು ನಮ್ಮ ಕ್ಯಾರಿಯರ್, ಬಿಸಿ ಸಾರಿನ ಅಗಲ ಬಾಯಿಯ ಫ್ಲಾಸ್ಕು ಬಿಚ್ಚಿದೆವು. ಮೂರು ಜನರ ಪಿಕ್ನಿಕ್ಕಿಗೆ ಅತ್ತಿಗೆ ಕಟ್ಟಿದ್ದು ಒಂದು ಸಣ್ಣ ನಾಮಕರಣಕ್ಕೆ ಸಾಕಾಗುವಷ್ಟು. (ಕಮ್ಮಿ ಅಡುಗೆ ಅವರಿಗೆ ಬರುವುದೇ ಇಲ್ಲ.) ಅವರು ಸುತ್ತಲೂ ಒಮ್ಮೆ ಕಣ್ಣಾಡಿಸಿದರು. ಸೌಟು ಕೈಗೆ ಬಂತು.

"ಅತ್ತೆ, ಪ್ಲೀಸ್! ಇಲ್ಲಿ ಹಾಗೆಲ್ಲ ಯಾರಿಗೂ ಕೊಡುದಿಲ್ಲ. ಇಟ್ಸ್ ಸೋ ಎಂಬರಾಸಿಂಗ್," ಎಂದಳು ಶ್ರುತಿ.

"ನೀನು ಸುಮ್ಮನೆ ಕೂತ್ಕೊ. ಪಾಪ, ಈ ಚಳಿಗೆ ಒಣ ಬ್ರೆಡ್ಡು ಜಗಿತಾ ಇದ್ದಾರೆ, ಕಾಣುದಿಲ್ವಾ?"

ಹೊರಟೇಬಿಟ್ಟರು. ಮೊದಲಿಗೆ ಬೆಳ್ಳಿ ಕೂದಲಿನ ಒಬ್ಬ ಅಜ್ಜಿ. ಕನ್ನಡ ಬಾರದವರು ಎದುರಾದರೆ ಅತ್ತಿಗೆಯ ಬಾಯಿಂದ ತಾನಾಗಿ ಬರುವುದು ಬಂಗಾಳಿ. "ಏಕ್‌ಟು ನಿನ್, ಏಕ್‌ಟು," ಸ್ವಲ್ಪ ತಗೊಳ್ಳಿ, ಸ್ವಲ್ಪ, ಎಂದು ನಾರ್ವೆಯ ಅಜ್ಜಿಗೆ ಬಂಗಾಳಿಯಲ್ಲಿ ಉಪಚಾರ! ಅಜ್ಜಿ ಗಾಬರಿಯಾದರು, ಆಮೇಲೆ ನಕ್ಕರು, ಆಮೇಲೆ ಪೊಟ್ಟಣದ ಕಾಗದವನ್ನೇ ಎಲೆಯಂತೆ ಹರಡಿದರು. ಪಕ್ಕದವರು ನೋಡಿದರು. ಅವರೂ ಹರಡಿದರು. ಪೇಪರ್ ಕಪ್ಪುಗಳಲ್ಲಿ ಸಾರು ಹೊಗೆಯಾಡಿತು. ಅಲ್ಲೊಂದು ಪಂಕ್ತಿಯೇ ಆಯಿತು.

ಸಂಕಟ ಶುರುವಾದದ್ದು ಆಮೇಲೆ.

ನಮ್ಮ ಕೇಟರಿಂಗಿನವರದ್ದೊಂದು ಕ್ರಮವಿದೆ. ಪಂಕ್ತಿ ಏಳದೆ ಬಡಿಸುವವರು ಉಣ್ಣುವ ಹಾಗಿಲ್ಲ. ಆದರೆ ಬೆಟ್ಟದ ಮೇಲಿನ ಪಂಕ್ತಿ ಏಳುವುದು ಯಾವಾಗ? ನಾಲ್ಕು ಜನ ಎದ್ದರೆ ಕೆಳಗಿನಿಂದ ಆರು ಜನ ಹತ್ತಿ ಬರುತ್ತಾರೆ. "ಈಗ ಬಂದವರಿಗೆ?" ಎಂದು ಅತ್ತಿಗೆ ಮತ್ತೆ ಹೊರಡುತ್ತಾರೆ. ಅವರಿಗೆ ಶುಗರ್ ಬೇರೆ ಇದೆ. ಬೆಳಿಗ್ಗೆ ಮಾತ್ರೆ ನುಂಗಿ, ತಿಂಡಿ ತಿಂದ ಶಾಸ್ತ್ರ ಮಾಡಿ ಹೊರಟವರು.

ನೋಡನೋಡುತ್ತಿದ್ದಂತೆ ಸೌಟು ನಡುಗಿತು. ಅಷ್ಟು ಚಳಿಯಲ್ಲೂ ಅವರ ಹಣೆಯಲ್ಲಿ ಬೆವರು. ಶುಗರ್ ಇರುವವರ ಮನೆಯಲ್ಲಿ ಆ ಬೆವರಿನ ಅರ್ಥ ಎಲ್ಲರಿಗೂ ಗೊತ್ತು. ನಾನು ಬಿಸ್ಕತ್ತು ಹಿಡಿದು ಓಡಿದೆ.

"ಎಂಥದು ನೀನು! ಎದುರು ಜನ ಉಣ್ಣಲಿಕ್ಕೆ ಕೂತಿರುವಾಗ ನಾನು ಬಾಯಿಗೆ ಹಾಕುದಾ?"

"ಅತ್ತಿಗೆ, ಇದು ಮದುವೆಮನೆ ಅಲ್ಲ."

"ಬಡಿಸ್ಲಿಕ್ಕೆ ಶುರು ಮಾಡಿದ ಮೇಲೆ ಎಲ್ಲಿಯಾದರೂ ಒಂದೇ."

"ಹಾಗಾದ್ರೆ ಇಳಿಯುವಾ," ಎಂದಳು ಶ್ರುತಿ, ಮುಖ ಕೆಂಪು ಮಾಡಿಕೊಂಡು. "ಈ ಕಂಡೀಷನ್ನಲ್ಲಿ ಮೇಲೆ ಕರ್ಕೊಂಡು ಹೋಗುದಿಲ್ಲ ನಾನು. ಫೈನಲ್."

ಅತ್ತಿಗೆ ತುದಿಯ ಕಡೆ ಒಮ್ಮೆ ನೋಡಿದರು. ಆಗಷ್ಟೇ ಬಂದು ಕೂತ ದಂಪತಿಗಳ ಕಡೆ ಒಮ್ಮೆ ನೋಡಿದರು. ಕ್ರಮ ಬಿಡುವ ಹಾಗಿಲ್ಲ, ಬೆಟ್ಟ ಬಿಡಲು ಮನಸ್ಸಿಲ್ಲ. ಅವರ ಕಣ್ಣಲ್ಲಿ ನೀರು ಕಂಡಿತು. ಗಾಳಿಗೂ ಇರಬಹುದು.

ಉಪಾಯ ತೋಚಿದ್ದು ಶ್ರುತಿಗೆ. ಎದ್ದು ಹೋಗಿ ಅತ್ತೆಯ ಕೈಯಿಂದ ಸೌಟು ಕಿತ್ತುಕೊಂಡಳು. "ಈಗ ಬಡಿಸುವವಳು ನಾನು. ನೀವು ಪಂಕ್ತಿಯಲ್ಲಿ. ಕೂತ್ಕೊಳ್ಳಿ."

"ನೀನಾ? ನಿಂಗೆ ಬಡಿಸ್ಲಿಕ್ಕೆ ಎಲ್ಲಿ ಬರ್ತದೆ?"

"ಕೂತ್ಕೊಳ್ಳಿ ಅಂದೆ ಅಲ್ವಾ!"

ಸೌಟು ಕೈಬಿಟ್ಟಿದ್ದೇ ಅತ್ತಿಗೆಗೆ ನಿಲ್ಲಲು ಕಾರಣ ಉಳಿಯಲಿಲ್ಲ. ಬೆಳ್ಳಿ ಕೂದಲಿನ ಅಜ್ಜಿ ಸರಿದು ಜಾಗ ಮಾಡಿಕೊಟ್ಟರು. ಶ್ರುತಿ ಸಾಲಿನ ಆ ತುದಿಯಿಂದ ಬಗ್ಗಿ ಬಗ್ಗಿ ಬಂದಳು. "ಅನ್ನ? ಸಾರು? ಇನ್ನು ಸ್ವಲ್ಪ?" ಅವಳ ಬಾಯಲ್ಲಿ ಒಂದು ಗಂಟೆಯಲ್ಲಿ ಇಷ್ಟು ಕನ್ನಡ ನಾನು ಕೇಳಿದ್ದು ಅದೇ ಮೊದಲು.

ಅತ್ತಿಗೆ ಸಾರು ಒಂದು ಗುಟುಕು ಕುಡಿದರು. ಕಣ್ಣು ಅಗಲವಾಯಿತು.

"ಅಯ್ಯೋ! ನನ್ನ ಸಾರು ಇಷ್ಟು ಖಾರವಾ?"

ಪಕ್ಕದ ಅಜ್ಜಿಯ ಕೆಂಪಾದ ಮೂಗು ನೋಡಿದರು. "ಪಾಪ, ಇವರು ಹೇಗೆ ಕುಡಿದರು? ನೀವೆಲ್ಲ ಇಷ್ಟು ವರ್ಷ ಹೇಗೆ ಉಂಡ್ರಿ? ಒಬ್ಬರೂ ಹೇಳ್ಲಿಲ್ವಲ್ಲ!"

ಯಾರು ಹೇಳುತ್ತಾರೆ? ಅವರ ಅಡುಗೆಮನೆಯಲ್ಲಿ ನಾವು ದನಿ ತಗ್ಗಿಸಿ ನಡೆಯುವವರು. ಅವರಿಗಾದರೂ ಹೇಗೆ ಗೊತ್ತಾಗಬೇಕು? ಬಡಿಸುವ ಮುಂಚೆ ರುಚಿ ನೋಡುವ ಕ್ರಮವಿಲ್ಲ; ಊರಿಗೆಲ್ಲ ಸಾರು ಮಾಡಿದವರು ಅದನ್ನು ಬಿಸಿಯಾಗಿ ಕುಡಿದೇ ಇರಲಿಲ್ಲ. ಅವರ ಪಾಲಿಗೆ ಬರುತ್ತಿದ್ದುದು ಆರಿದ ತಳದ ಸಾರು. ಆರಿದ ಸಾರಿನಲ್ಲಿ ಖಾರಕ್ಕೆ ಎಲ್ಲಿಯ ಪೌರುಷ?

ಕೈನಡುಕ ನಿಂತ ಮೇಲೆ, ಸಾಕಷ್ಟು ಹೊತ್ತು ಕೂತು, ಮತ್ತೆ ಹೊರಟೆವು. ತುದಿ ಮುಟ್ಟಿದೆವು. ಕೆಳಗೆ ಫ್ಯೋರ್ಡ್ ನೀಲಿ ಸೀರೆ ಒಣಹಾಕಿದ ಹಾಗೆ ಬಿದ್ದುಕೊಂಡಿತ್ತು. ಅದರ ಮೇಲೆ ಬೆರಳಿನ ಉಗುರಿನಷ್ಟು ಒಂದು ದೋಣಿ.

"ಹೌರಾದಲ್ಲಿ ಹೊಳೆ ದಾಟಿಸುವ ಲಾಂಚಿನ ಹಾಗೇ ಉಂಟಲ್ಲ. ಆದರೆ ಹತ್ತಲಿಕ್ಕೆ ನೂಕುವ ಜನ ಇಲ್ಲ," ಎಂದರು ಅತ್ತಿಗೆ. ಕಲ್ಲೊಂದರ ಮೇಲೆ ಕೂತು ಇನ್ನೊಂದು ಮಾತು ಹೇಳಿದರು. "ಈ ಊರಿನ ಹೆಂಗಸರು ಆರಾಮ. ತನ್ನ ಪೊಟ್ಟಣ ತಾನು ಬಿಚ್ಚಿದಳು, ತಿಂದಳು, ಎದ್ದಳು. ಆದ್ರೆ ಬಡಿಸುವವರು ಇಲ್ಲದ ಊಟ ಎಂಥ ಊಟ ಮಾರಾಯ್ತಿ?"

ಎರಡೂ ನಿಜ ಅನಿಸಿತು ನನಗೆ. ನಿಮಗೆ?

ಊರಿಗೆ ಬಂದ ಮೇಲೆ ಬೆಹಾಲಾದಲ್ಲೇ ಒಂದು ಮುಂಜಿಯ ಅಡುಗೆ ನಮ್ಮದಾಗಿತ್ತು. ಎಲೆ ಹಾಕಿ ಆಗಿತ್ತು. ನಮ್ಮವರು ಅತ್ತಿತ್ತ ಓಡಾಡುತ್ತಿದ್ದರು. ಅತ್ತಿಗೆ ಅಡುಗೆಮನೆಯಿಂದ ಬಂದು, ಸೆರಗಿಗೆ ಕೈ ಒರೆಸಿ, ಸೌಟನ್ನು ತಮ್ಮನ ಕೈಗೆ ಕೊಟ್ಟು, ಮೊದಲ ಪಂಕ್ತಿಯ ಕೊನೆಯ ಎಲೆಗೆ ಕೂತರು. ನಮ್ಮವರು ಅಕ್ಕನನ್ನು ನೋಡಿದರು, ಸೌಟನ್ನು ನೋಡಿದರು, ಬಡಿಸಿದರು. ಎರಡನೇ ಸಲ ಸಾರು ಬಂದಾಗಲೂ ಅತ್ತಿಗೆ ಕೈ ಅಡ್ಡ ಹಿಡಿಯಲಿಲ್ಲ.

ಅವತ್ತು ಎಲ್ಲರ ಕೊನೆಗೆ ಉಂಡವರು ನಮ್ಮವರು. ಸಾರು ಆರಿತ್ತಂತೆ.