ಬಸ್ಸಿನಲ್ಲಿ ಕಳೆದುಹೋದ ಸಾಲು

ಸರ್ವಾಧಿಕಾರಕ್ಕೆ ಎದೆಗೊಟ್ಟು ನಿಂತ ಕ್ರಾಂತಿಕವಿ ಎಂದು ನಮ್ಮಪ್ಪನನ್ನು ಊರೆಲ್ಲ ಕೊಂಡಾಡುತ್ತದೆ. ಮನೆಯಲ್ಲಿ ಮಾತ್ರ ಅವನು ಹೇಳಿದ್ದೇ ಕಾನೂನು. ರೊಟ್ಟಿ ಕೂಡ ಅವನು ಹೇಳಿದಷ್ಟೇ ತೆಳ್ಳಗಿರಬೇಕು. ಇದನ್ನು ನಾವು ಎದುರಿಗೇ ಆಡಿಕೊಂಡರೆ ನಗುತ್ತಾನೆ.

ತುರ್ತು ಪರಿಸ್ಥಿತಿಯಲ್ಲಿ ಕವಿತೆ ಓದಿದ್ದಕ್ಕೆ ಅಪ್ಪನನ್ನು ರಾಯಚೂರಿನಲ್ಲಿ ಜೈಲಿಗೆ ಹಾಕಿದ್ದರು. ಹಾಳೆ ಹೊರಗೆ ಬಿಡುತ್ತಿರಲಿಲ್ಲ. ಭೇಟಿಗೆ ಹೋದ ಅವ್ವನಿಗೆ ಅವನು ಕವಿತೆಯನ್ನು ಬಾಯಲ್ಲೇ ಹೇಳಿಕೊಡುತ್ತಿದ್ದ. ಅಕ್ಷರ ಬಾರದ ಅವ್ವ ಅದನ್ನು ಹಾಡು ಕಲಿತಂತೆ ಕಲಿತು, ದೇವದುರ್ಗಕ್ಕೆ ಬಂದು ಅವನ ಗೆಳೆಯರಿಂದ ಬರೆಸುತ್ತಿದ್ದಳು.

ಒಮ್ಮೆ ಬಸ್ಸಿನಲ್ಲಿ ಸೀಟಿಗಾಗಿ ಯಾರೋ ಹೆಂಗಸಿನ ಜೊತೆ ಅವಳಿಗೆ ಜೋರು ಜಗಳವಾಯಿತು. ಸೀಟೇನೋ ಸಿಕ್ಕಿತು, ಕವಿತೆಯ ಕೊನೆಯ ಸಾಲು ಮರೆತೇಹೋಯಿತು. ಹೆದರಿದ ಅವ್ವ ತನ್ನದೇ ಒಂದು ಸಾಲು ಬರೆಸಿಬಿಟ್ಟಳು: "ಬಾಯಿಗೆ ಕುಕ್ಕಿ ಕಟ್ಟಿದರ ಎತ್ತು ಜ್ವಾಳದ ವಾಸನಿ ಮರೀತದೇನು?" ತವರೂರು ಮಸರಕಲ್‌ನ ಕಣದಲ್ಲಿ ಎತ್ತುಗಳು ಕಾಳಿಗೆ ಬಾಯಿ ಹಾಕದಂತೆ ಕುಕ್ಕಿ ಕಟ್ಟುತ್ತ ಬೆಳೆದವಳು, ಅವಳಿಗೆ ಅದೇ ಹೊಳೆದಿತ್ತು.

ಆ ಸಾಲೇ ಗೋಡೆಗೋಡೆಗೂ ಏರಿತು, ಅಪ್ಪನ ಹೆಸರಿಗೆ ಅಂಟಿಕೊಂಡಿತು. ಹೋದ ತಿಂಗಳು ಮಾನ್ವಿಯಲ್ಲಿ ಅವನಿಗೆ ಸನ್ಮಾನ ಎಂದು ಆಹ್ವಾನ ಪತ್ರಿಕೆ ಬಂತು. ಮೇಲ್ಗಡೆ ಅಚ್ಚಾಗಿದ್ದ ಆ ಸಾಲನ್ನು ನಾನು ಓದಿ ಹೇಳಿದಾಗಲೇ ಅವ್ವ ಅದು ತನ್ನದೆಂದು ಬಾಯಿಬಿಟ್ಟಿದ್ದು. ನನಗೆ ಸಿಟ್ಟು ನೆತ್ತಿಗೇರಿತು. ನೆಟ್ಟಗೆ ಅಪ್ಪನ ಮುಂದೆ ಹೋಗಿ ನಿಂತೆ.

"ನಿನಗ ಗೊತ್ತಿತ್ತೇನಪ್ಪಾ?"

"ಜೈಲಿಂದ ಬಂದ ದಿನಾನ ಗೊತ್ತಾತು. ನನ್ನ ಸಾಲು ಅಷ್ಟು ಛಲೋ ಇರಲಿಲ್ಲವ್ವಾ. ಮಂದಿ ಚಪ್ಪಾಳಿ ಹೊಡ್ಯಾಕತ್ತಿದ್ರು, ಹೇಳಾಕ ಬಾಯಿ ಬರಲಿಲ್ಲ."

"ಪೊಲೀಸರ ಮುಂದ ಬಂದ ಬಾಯಿ, ಅವ್ವನ ಸಲುವಾಗಿ ಬರಲಿಲ್ಲೇನು?"

"ಬಿಡಬೇ, ಯಾರದಾದರೇನು," ಎಂದಳು ಅವ್ವ ಒಳಗಿನಿಂದ. ಆದರೆ ಆ ದಿನ ಸಂಜೆಯೊಳಗೆ ಪತ್ರಿಕೆಯನ್ನು ನನ್ನಿಂದ ಮೂರು ಸಲ ಓದಿಸಿಕೊಂಡಳು. ಆ ಸಾಲು ತನ್ನದೆಂದು ನಾಲ್ಕು ಜನಕ್ಕೆ ಗೊತ್ತಾಗುವುದು ಅವಳಿಗೆ ಬೇಕಾಗಿತ್ತು.

ಮಾನ್ವಿಯ ಸಭೆಯಲ್ಲಿ ಅವ್ವ ವೇದಿಕೆಯ ಎದುರಿಗೇ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಅಪ್ಪ ಕವಿತೆ ಓದುತ್ತ ಕೊನೆಯ ಸಾಲಿಗೆ ಬಂದು ನಿಲ್ಲಿಸಿಬಿಟ್ಟ. ಮುದುಕ ಮರೆತನೆಂದು ಹಿಂದಿನಿಂದ ಯಾರೋ ಹೇಳಿಕೊಡಲು ಹೋದರು. ಅಪ್ಪ ಕೈಯೆತ್ತಿ ತಡೆದು, ಅವ್ವನ ಕಡೆ ತೋರಿಸಿದ.

"ಅದು ನಂದಲ್ಲರೀ. ಆಕೀದು. ಆಕೀನ ಹೇಳಲಿ."

ಮೈಕು ಅವ್ವನ ಕೈಗೆ ಬಂತು. ಅವಳು ಸೆರಗು ಸರಿಮಾಡಿಕೊಂಡು, ಮೊದಲು ಬಸ್ಸಿನ ಜಗಳವನ್ನೇ ಸಾವಕಾಶ ಹೇಳಿದಳು. ಜನಕ್ಕೆ ನಕ್ಕು ನಕ್ಕು ಸಾಕಾಯಿತು. ಅದೆಲ್ಲ ಮುಗಿದ ಮೇಲೆ ತನ್ನ ಸಾಲು ಹೇಳಿದಳು.

"...ಎತ್ತು ಜ್ವಾಳದ ವಾಸನಿ ಮರೀತದೇನು?"

ಎಲ್ಲರಿಗಿಂತ ಮೊದಲು ವೇದಿಕೆಯ ಮೇಲಿಂದ ಅಪ್ಪನೇ ಉತ್ತರ ಕೊಟ್ಟ: "ಮರಿಯಂಗಿಲ್ಲ ಬೇ."