ಅವ್ವ ಚಪ್ಪಲಿ ಮೆಟ್ಟಿ ಒಳಗೆ ಹೋದದ್ದು

ಕಾರ್ಮಿಕ ನ್ಯಾಯಾಲಯದ ಬಾಗಿಲ ಪಕ್ಕದಲ್ಲಿ ಒಂದು ಹಲಗೆ ಇತ್ತು. ಮೌನವಾಗಿರಬೇಕು, ಎಲೆಅಡಿಕೆ ಉಗುಳಬಾರದು, ಮೊಬೈಲ್ ಬಂದ್ ಮಾಡಿರಬೇಕು, ನ್ಯಾಯಾಧೀಶರು ಬಂದಾಗ ಎದ್ದು ನಿಲ್ಲಬೇಕು. ನಾನಾಗ ಎಂ.ಎ. ಓದುತ್ತಿದ್ದೆ, ಅವ್ವನಿಗೆ ಓದು ಬಾರದು. ಪ್ರತಿ ಸಾಲನ್ನೂ ಅವಳ ಕಿವಿಯ ಹತ್ತಿರ ಬಗ್ಗಿ ಓದಿ ಹೇಳಿದೆ.

ಮೇಟಗಳ್ಳಿಯ ಒಂದು ಹೊಲಿಗೆ ಕಾರ್ಖಾನೆಯಲ್ಲಿ ಅವ್ವ ವರ್ಷಗಟ್ಟಲೆ ದುಡಿದಿದ್ದಳು. ಮೇಲ್ವಿಚಾರಕರಿಗೆ ಎದುರು ಮಾತನಾಡಿದಳೆಂದು ಕೆಲಸದಿಂದ ತೆಗೆದರು. ಅದನ್ನು ಪ್ರಶ್ನಿಸಿದ ಕೇಸಿನಲ್ಲಿ ಅಂದು ಅವಳ ಸಾಕ್ಷಿ. ಕೆಲಸ ವಾಪಸ್ ಸಿಗಬೇಕಾದರೆ ಅಳುಕದೆ ಮಾತನಾಡಬೇಕು ಎಂದು ನಮ್ಮ ವಕೀಲರು ಎಚ್ಚರಿಸಿದ್ದರು.

ಅವ್ವ ಮಾತಿಗೆ ಹೆದರುವವಳಲ್ಲ. ಹೆದರಿದ್ದು ಆ ಹೊಸ್ತಿಲಿಗೆ. ನಾನು ಓದಿ ಮುಗಿಸಿ ತಿರುಗುವಷ್ಟರಲ್ಲಿ ಚಪ್ಪಲಿ ಬಿಚ್ಚಿ ಗೋಡೆಯ ಬದಿಗೆ ಇಟ್ಟಿದ್ದಳು.

"ಹಾಕ್ಕೊ ಅವ್ವ."

"ಸುಮ್ನಿರು ಮಗಾ. ಒಳಗೆ ದೊಡ್ಡೋರು ಕೂತವ್ರೆ."

ಅವಳ ಊರಿನಲ್ಲಿ ನಮ್ಮ ಕೇರಿಯವರು ಮೇಲಿನ ಬೀದಿಗೆ ಹೋದರೆ ಚಪ್ಪಲಿ ಕಾಲಿನಿಂದ ಕೈಗೆ ಬರುತ್ತಿತ್ತು. ತಾತ ಹಾಗೆ ಹಿಡಿದುಕೊಂಡು ನಡೆದದ್ದನ್ನು ಅವ್ವ ನನಗೆ ಒಂದೇ ಸಲ ಹೇಳಿದ್ದಳು, ಅದೂ ಅನ್ನ ಬಸಿಯುತ್ತಾ, ಮುಖ ಆಚೆ ಮಾಡಿಕೊಂಡು.

"ಚಪ್ಪಲಿ ಬಿಡಿ ಅಂತ ಹಲಗೇಲಿ ಬರ್ದಿಲ್ಲ," ಎಂದೆ.

"ಸರ್ಯಾಗಿ ನೋಡು."

ಮತ್ತೆ ಮೊದಲಿನಿಂದ, ಕೊನೆಯ ಸಾಲಿನವರೆಗೂ ಬೆರಳಿಟ್ಟು ಓದಿದೆ.

ಬಾಗಿಲಲ್ಲಿ ಹೆಸರು ಕೂಗುವ ಜವಾನರು ನಮ್ಮನ್ನೇ ನೋಡುತ್ತಿದ್ದರು. "ಏನ್ರಮ್ಮಾ, ದೇವಸ್ಥಾನ ಅಂದ್ಕೊಂಡ್ಬುಟ್ರಾ? ಒಳಗೆ ಪ್ರಸಾದ ಕೊಡಲ್ಲ ಕಣ್ರೀ," ಎಂದು ನಕ್ಕರು. ಆಮೇಲೆ ಗಂಟಲು ಸರಿಮಾಡಿಕೊಂಡು ಅವ್ವನ ಹೆಸರು ಕೂಗಿದರು. ಕೂಗುವುದು ಮೂರು ಸಲ. ಮೊದಲನೆಯದಕ್ಕೆ ಅವ್ವ ಹಲಗೆ ನೋಡಿದಳು, ಎರಡನೆಯದಕ್ಕೆ ಚಪ್ಪಲಿ. ಮೂರನೆಯ ಕೂಗು ಮುಗಿಯುವ ಮೊದಲೇ ಅದನ್ನು ಮೆಟ್ಟಿಕೊಂಡು, ಸೆರಗು ಬಿಗಿದು, ಒಳಗೆ ನಡೆದಳು. ಹವಾಯಿ ಚಪ್ಪಲಿಯ ಪಟಪಟ ಸದ್ದು ಕಟಕಟೆಯವರೆಗೂ ಕೇಳಿಸಿತು. ಯಾರೂ ತಿರುಗಿ ನೋಡಲಿಲ್ಲ.

ಕಾರ್ಖಾನೆಯ ವಕೀಲರು ಎದ್ದು ಕೇಳಿದರು. "ಮೇಲ್ವಿಚಾರಕರಿಗೆ ನೀವು ಎದುರು ಮಾತಾಡಿದ್ದು ನಿಜ ತಾನೆ?"

"ನೀರು ಕುಡಿಯಕ್ಕೆ ಬುಡಿ ಅಂದೆ ಸ್ವಾಮಿ. ಅಷ್ಟೇಯ."

"ಕಿರುಚಿ ಹೇಳಿದ್ರಿ."

"ಸುತ್ತ ಮಿಷನ್ನು ಓಡ್ತಿದ್ವು. ಮೆತ್ತಗೆ ಅಂದಿದ್ರೆ ಅವ್ರಿಗೆ ಕೇಳ್ತಿತ್ತಾ? ನೀವೇ ಹೇಳಿ."

ಬೆಂಚುಗಳಲ್ಲಿ ನಗು ಎದ್ದಿತು. "ಸೈಲೆನ್ಸ್!" ಎಂದರು ಜವಾನರು, ತಾವೂ ನಗು ತಡೆದುಕೊಂಡು. ನ್ಯಾಯಾಧೀಶರು ನಗಲಿಲ್ಲ. ಅವ್ವನ ಮಾತನ್ನು ಅವಳು ಹೇಳಿದ ಹಾಗೆಯೇ ಬರೆಸಿದರು. ಮನಸ್ಸಿನಲ್ಲಿರುವುದನ್ನು ಮುಖದಲ್ಲಿ ತೋರಿಸುವ ಅಭ್ಯಾಸ ನನಗಿಲ್ಲ. ಅಂದು ಕೊನೆಯ ಬೆಂಚಿನಲ್ಲಿ ತೋರಿಸದೆ ಕೂರುವುದು ಬಹಳ ಕಷ್ಟವಾಯಿತು.

ಕೆಲವು ತಿಂಗಳ ನಂತರ ತೀರ್ಪು ಬಂತು: ಅವ್ವನನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳಬೇಕು. ಕೇಳಿಕೊಂಡು ಹೊರಬಂದಾಗ ಬಾಗಿಲಲ್ಲಿ ವಯಸ್ಸಾದವರೊಬ್ಬರು ಚಪ್ಪಲಿ ಬಿಚ್ಚಲು ಬಗ್ಗಿದ್ದರು.

"ಹಾಕ್ಕಳಿ ಯಜಮಾನ್ರೇ," ಎಂದಳು ಅವ್ವ, ಹಲಗೆಯತ್ತ ಕೈ ತೋರಿಸಿ. "ಹಂಗಂತ ಅಲ್ಲಿ ಬರ್ದಿಲ್ಲ. ನನ್ ಮಗಳು ಎರಡು ಸಲ ಓದವ್ಳೆ."