ಬಲಗಡೆಯ ಮೂರು ಪದಕ

ಕಳೆದ ಗುರುವಾರ ಬೆಳಿಗ್ಗೆ ಆರು ಜನರ ಎದುರು ನಾನು ಒಬ್ಬ ಮನುಷ್ಯನನ್ನು ಕಳ್ಳನನ್ನಾಗಿ ಮಾಡಿದೆ. ಆತನ ತಟ್ಟೆಯ ಉಪ್ಪಿಟ್ಟು ಇನ್ನೂ ಆರಿರಲಿಲ್ಲ.

ನನ್ನ ಅನುಮಾನದ ಕಾಯಿಲೆ ನಿಮಗೆ ಗೊತ್ತೇ ಇದೆ. ಇಪ್ಪತ್ತು ವರ್ಷ ಬ್ಯಾಂಕಿನಲ್ಲಿ ಸಹಿಗೆ ಸಹಿ ಹೋಲಿಸಿ ನೋಡಿದ ಕಣ್ಣು ಇದು. ನಾಸಿಕಕ್ಕೆ ವರ್ಗವಾಗಿ ಬಂದ ಮೇಲೂ ವಾಸಿಯಾಗಿಲ್ಲ. (ಹಾಲಿನವನು ನಕ್ಕು ಮಾತಾಡಿಸಿದ ದಿನ ಹಾಲನ್ನು ಎರಡು ಸಲ ನೋಡುತ್ತೇನೆ.)

ಆದದ್ದಿಷ್ಟು. ಇಲ್ಲೇ ಹತ್ತಿರದ ಪಿಂಪಳಗಾಂವ್ ಬಸವಂತ್‌ನಲ್ಲಿ ದ್ರಾಕ್ಷಿಗೆಂದು ಹೊಸ ಕೋಲ್ಡ್ ಸ್ಟೋರೇಜ್ ಏಳುತ್ತಿದೆ. ಯಂತ್ರ ಕೂರಿಸಲು ಆಸ್ಟ್ರೇಲಿಯಾದಿಂದ ಕೊಲಿನ್ ಎಂಬ ಇಂಜಿನಿಯರ್ ಬಂದಿದ್ದಾನೆ. ಏಪ್ರಿಲ್ ಇಪ್ಪತ್ತೈದು ಅವರ ದೇಶದಲ್ಲಿ ಸೈನಿಕರನ್ನು ನೆನೆಯುವ ದಿನವಂತೆ. ಅಂದು ಹಳೆಯ ಸೈನಿಕರ ಜೊತೆ ಒಂದು ಗಂಟೆ ಕೂರಬೇಕೆಂಬುದು ಆತನ ಆಸೆ. ಸ್ಟೋರೇಜ್ ಮಾಲೀಕರು ನಮ್ಮ ಗ್ರಾಹಕರು, ಆತನನ್ನು ನನಗೆ ಒಪ್ಪಿಸಿದರು. ನಾನು ಪಕ್ಕದ ಮನೆಯ ಸುಬೇದಾರ್ ಕಾಕಾರಲ್ಲಿಗೆ ಕರೆದೊಯ್ದೆ. ಕಾಕಾ ಭಾಲ್ಕಿ ಕಡೆಯವರು, ಸೈನ್ಯದ ತೋಪಖಾನೆಯಿಂದ ನಿವೃತ್ತರಾಗಿ ಇಲ್ಲೇ ನೆಲೆ ನಿಂತವರು. ತಮ್ಮ ಐವರು ಹಳೆಯ ಜೊತೆಗಾರರನ್ನೂ ಕರೆಸಿದ್ದರು.

ಕೊಲಿನ್ ಆ ಸೆಖೆಯಲ್ಲೂ ಕೋಟು ಹಾಕಿದ್ದ. ಅದರ ಮೇಲೆ ಮೂರು ಪದಕ. ಎರಡನೇ ಮಹಾಯುದ್ಧದ್ದು ಎಂದ. ದಾರಿಯಲ್ಲಿ ತನಗೆ ಅರವತ್ತು ಎಂದು ಇವನೇ ಹೇಳಿದ್ದನಲ್ಲ? ಹಾಗಾದರೆ ಹುಟ್ಟುವ ಮೊದಲೇ ಬಂದೂಕು ಹಿಡಿದನೇ?

ಸುಮ್ಮನಿರಬಹುದಿತ್ತು. ಇರಲಿಲ್ಲ. "ಯುದ್ಧ ಮುಗಿದ ಮೇಲೆ ಹುಟ್ಟಿದವರಿಗೆ ಈ ಪದಕ ಹೇಗೆ ಬಂತು?" ಎಂದು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ.

ಕಾಕಾ ಅದನ್ನು ಹಿಂದಿಯಲ್ಲಿ ಹೇಳಿದ್ದೇ ತಡ, ಆರೂ ಕಪ್‌ಗಳು ಕೆಳಗಿಳಿದವು. ಇನ್ನೊಬ್ಬನ ಪದಕ ತನ್ನದೆಂದು ತೊಡುವುದು ಸೈನಿಕರ ಲೆಕ್ಕದಲ್ಲಿ ಎಂಥ ತಪ್ಪು ಎಂಬುದು ನನಗೆ ಆಗ ತಿಳಿಯಿತು. ಕಾಕಾ ಹತ್ತಿರ ಹೋಗಿ ನೋಡಿದರು. "ಪದಕ ಎಡಗಡಿಗಿ ಇರಬೇಕು. ಇಂವ ಬಲಗಡಿಗಿ ಹಾಕ್ಯಾನಲ್ರಿ!" ಎಂದರು. ನನಗಂತೂ ಖಾತ್ರಿಯಾಯಿತು. ಶುದ್ಧ ನಕಲಿ!

ಕೊಲಿನ್ ಮುಖ ಕೆಂಪಾಯಿತು. ಕಾಕಾ ಬಲಗಡೆ ಬೆರಳು ತೋರಿದ್ದು ಅವನಿಗೂ ಅರ್ಥವಾಗಿತ್ತು. "ನಮ್ಮಲ್ಲಿ ಸ್ವಂತದ್ದು ಎಡಕ್ಕೆ, ತೀರಿಕೊಂಡ ನಮ್ಮವರದು ಬಲಕ್ಕೆ," ಎಂದ.

"ನಿಮ್ಮ ತಂದೆಯದೇ?"

"ಅಲ್ಲ. ತಂದೆಯ ಗೆಳೆಯನದು."

(ನೋಡಿ, ವಾರಸುದಾರನೂ ಅಲ್ಲ! ನನ್ನ ಅನುಮಾನ ಇನ್ನೂ ಒಂದು ಮೆಟ್ಟಿಲು ಹತ್ತಿತು.)

ಆತ ನಿಧಾನವಾಗಿ ಹೇಳಿದ. ನ್ಯೂಗಿನಿಯ ಕಾಡು. ತಂದೆಯ ಕಾಲಿಗೆ ಗುಂಡು ಬಿತ್ತು. ತುಕಡಿಗೆ ಹಿಂದೆ ಸರಿಯಲು ಆಜ್ಞೆ. ಗೆಳೆಯ ಮಾತ್ರ ಸರಿಯಲಿಲ್ಲ. ತಂದೆಯನ್ನು ಬೆನ್ನ ಮೇಲೆ ಹೊತ್ತು ಎರಡು ದಿನ ಕೆಸರಿನಲ್ಲಿ ನಡೆದ. ಬಿಟ್ಟು ಹೋಗು ಎಂದು ತಂದೆ ಬೈದರೂ ಇಳಿಸಲಿಲ್ಲ. ಶಿಬಿರ ಕಾಣುವಷ್ಟು ಹತ್ತಿರ ಬಂದಾಗ ಗೆಳೆಯನಿಗೇ ಗುಂಡು ತಗುಲಿ ಪ್ರಾಣ ಹೋಯಿತು. ಅವನಿಗೆ ಹೆಂಡತಿ, ಮಕ್ಕಳು, ತಂದೆ, ತಾಯಿ ಯಾರೂ ಇರಲಿಲ್ಲ. ಪದಕಗಳು ತಂದೆಯ ಕೈಗೆ ಬಂದವು.

"ಹೋದ ವರ್ಷ ತಂದೆ ನೂರು ದಾಟಿ ತೀರಿಕೊಂಡರು. ಅವರ ಪದಕ ಅಣ್ಣ ತೆಗೆದುಕೊಂಡ. ಇವನ್ನು ನಾನು ಕೇಳಿ ಪಡೆದೆ. ತಂದೆಯನ್ನು ನೆನೆಯಲು ನಾವಿಬ್ಬರಿದ್ದೇವೆ, ಆತನಿಗೆ ಯಾರಿದ್ದಾರೆ?"

ಕಾಕಾ ಅದನ್ನೂ ಉಳಿದವರಿಗೆ ಹಿಂದಿಯಲ್ಲಿ ಹೇಳಿದರು. ಆರೂ ಮುದುಕರು ಎದ್ದು ನಿಂತು, ಕೋಟಿನ ಬಲಗಡೆಗೆ ಸೆಲ್ಯೂಟ್ ಹೊಡೆದರು. ಆಮೇಲೆ ಕಾಕಾ ನನ್ನ ಕಡೆ ತಿರುಗಿದರು.

"ಮ್ಯಾನೇಜರ್ ಸಾಹೇಬ್ರ, ಸಹಿ ಚೆಕ್ಕಿನ ಮ್ಯಾಲ ನೋಡ್ರಿ. ಮಂದಿ ಮಾರಿ ಮ್ಯಾಲ ಹುಡುಕಬ್ಯಾಡ್ರಿ."

ನಾಚಿಕೆಯಿಂದ ತಲೆ ತಗ್ಗಿಸಿದೆ, ಕ್ಷಮೆ ಕೇಳಿದೆ. ಕೊಲಿನ್ ನನ್ನ ಕೈ ಕುಲುಕಿ "ಪರವಾಗಿಲ್ಲ, ಮೇಟ್" ಎಂದ. ಮೇಟ್ ಎಂದರೆ ಅವರಲ್ಲಿ ಜೀವದ ಗೆಳೆಯ. ಎರಡು ದಿನ ಬೆನ್ನ ಮೇಲೆ ಹೊತ್ತವನಿಗೆ ಇಡಬೇಕಾದ ಹೆಸರನ್ನು ನನ್ನಂಥವನಿಗೆ ಇಷ್ಟು ಅಗ್ಗವಾಗಿ ಕೊಟ್ಟನಲ್ಲ, ಯಾಕಿರಬಹುದು? (ಹೌದು, ಮತ್ತೆ ಶುರುವಾಯಿತು.)

ಐದು ಊರು, ಐದು ಶಾಖೆ ಸುತ್ತಿದ್ದೇನೆ. ಪ್ರತಿ ಬೀಳ್ಕೊಡುಗೆಯಲ್ಲೂ ಶಾಲು ಹೊದಿಸಿ "ನೀವು ನಮ್ಮ ಅಣ್ಣನಿದ್ದಂತೆ" ಎಂದಿದ್ದಾರೆ. ಅವರಲ್ಲಿ ನನಗಾಗಿ ಹಿಂದೆ ಉಳಿಯುವವರು ಯಾರು? ಒಂದು ಹೆಸರೂ ಹೊಳೆಯಲಿಲ್ಲ. ಮನೆಗೆ ಬಂದು ಹೆಂಡತಿಯನ್ನೇ ಕೇಳಿದೆ: "ನನ್ನ ಕಾಲಿಗಿ ಗುಂಡು ಬಿದ್ರ ಹೊತ್ತು ತರಾಕ ಯಾರರ ಬರ್ತಾರಂತೀ?"

"ಯಾಕ ಬರಂಗಿಲ್ಲ, ಬರ್ತಾರ್ರಿ," ಎಂದಳು. "ಆದ್ರ ಅವರ ಬೆನ್ನ ಏರೂ ಮೊದ್ಲ ನೀವು ಐಡೆಂಟಿಟಿ ಕಾರ್ಡ್ ಕೇಳ್ತೀರಿ."